ಅನುಕ್ರಮಣ: ಕೊರ್ಲಹಳ್ಳಿಯ ಮರಳಿನಿಂದ ಕಪ್ಪತಗುಡ್ಡದವರೆಗೆ

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಇಂಥ ನದಿ ನೆರೆಯಿಳಿದ ಮೇಲೆ ಬಿಟ್ಟುಹೋಗುವ ಮರಳದಿಣ್ಣೆ ಬಹುಕಾಲ ಬರಿದಾಗಿ ಉಳಿಯದು. ಮೊದಲು ಹುಲ್ಲು, ಜೇಕು ಬೇರೂರಿ ಮರಳನ್ನು ಹಿಡಿದಿಡುತ್ತವೆ. ಅವು ಕೊಳೆತು ಮಣ್ಣು ಕೂಡಿದಂತೆ ಪೊದೆಗಳು ಬರುತ್ತವೆ. ಒಂದು ಸಸ್ಯ ಸಮುದಾಯ ಮತ್ತೊಂದಕ್ಕೆ ಎಡೆಗೊಡುವ ಈ ಕ್ರಿಯೆಯೇ ಅನುಕ್ರಮಣ. ದೊಡ್ಡ ನೆರೆ ಬಂದರೆ ಎಲ್ಲ ಮತ್ತೆ ಮೊದಲಿನಿಂದ!

ಇದರ ಪ್ರಸಿದ್ಧ ಆರಂಭಿಕ ಅಧ್ಯಯನವೂ ಮರಳಿನ ಮೇಲೆಯೇ ನಡೆಯಿತು. ಅಮೆರಿಕದ ಮಿಷಿಗನ್ ಸರೋವರದ ದಂಡೆಯಿಂದ ಒಳಕ್ಕೆ ಹೋದಂತೆ ದಿಣ್ಣೆಗಳು ಹಳೆಯವಾಗುತ್ತವೆ, ಹುಲ್ಲಿನ ಬದಲು ಮರಗಳು ಕಾಣುತ್ತವೆ ಎಂದು ಹೆನ್ರಿ ಕೌಲ್ಸ್ 1899ರಲ್ಲಿ ವಿವರಿಸಿದರು. 1916ರಲ್ಲಿ ಫ್ರೆಡರಿಕ್ ಕ್ಲೆಮೆಂಟ್ಸ್ ಇದನ್ನೊಂದು ಸಿದ್ಧಾಂತವಾಗಿಸಿದರು. ಸಸ್ಯ ಸಮುದಾಯ ಜೀವಿಯಂತೆ ಬೆಳೆದು, ಆಯಾ ವಾಯುಗುಣಕ್ಕೆ ತಕ್ಕ ಒಂದೇ 'ಪರಾಕಾಷ್ಠೆ'ಯನ್ನು ತಲಪುತ್ತದೆ ಎಂಬುದು ಅವರ ವಾದ. ಪ್ರತಿ ಪ್ರಭೇದವೂ ತನ್ನ ಪಾಡಿಗೆ ಬಂದು ನೆಲೆಸುತ್ತದೆ, ಗೊತ್ತಾದ ಗುರಿಯೇನೂ ಇಲ್ಲ ಎಂದು 1926ರಲ್ಲಿ ಹೆನ್ರಿ ಗ್ಲೀಸನ್ ವಿರೋಧಿಸಿದರು. ಆಗ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ.

ಪರಾಕಾಷ್ಠೆಯ ಕಲ್ಪನೆ ಭಾರತದ ಅರಣ್ಯಶಾಸ್ತ್ರಕ್ಕೂ ಬಂತು. ಎಚ್. ಜಿ. ಚಾಂಪಿಯನ್ 1936ರಲ್ಲಿ ಮಾಡಿದ, 1968ರಲ್ಲಿ ಎಸ್. ಕೆ. ಸೇಠ್ ಜೊತೆ ಪರಿಷ್ಕರಿಸಿದ ಕಾಡುಗಳ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಒಣ ಕುರುಚಲು ಕಾಡಿನ ಗುರುತು 5/ಡಿ.ಎಸ್.1. 'ಡಿ.ಎಸ್.' ಎಂದರೆ ಅವನತಿಯ ಹಂತ. ಅಂದರೆ ಕುರುಚಲು ಹಾಳಾದ ಕಾಡು, ಅದನ್ನು ಮರಗಳಿಂದ ತುಂಬಬೇಕು!

ಈ ಹೆಸರು ಎಲ್ಲೆಡೆ ಸಲ್ಲುವುದೇ? ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನೇ ನೋಡೋಣ. ಅದರ 244.15 ಚದರ ಕಿ.ಮೀ. ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಯಿತು. ಮಳೆ ಕಡಿಮೆ, ಹಲವೆಡೆ ಮಣ್ಣಿನ ಪದರ ತೆಳು. ಕಡಿದ ಬುಡದಿಂದ ದಿಂಡಲ ಮತ್ತೆ ಚಿಗುರುವ ಕಡೆ ಹಿಂದೆ ಮರಗಳಿದ್ದುದು ಸ್ಪಷ್ಟ. ಕೊಡಲಿ, ಮೇವು, ಬೆಂಕಿ ತಗ್ಗಿದರೆ ಅಲ್ಲಿ ದ್ವಿತೀಯಕ ಅನುಕ್ರಮಣ ತಾನಾಗಿ ಸಾಗೀತು. ಆದರೆ ಕಲ್ಲೆದ್ದ ಇಳಿಜಾರಿನ ಹುಲ್ಲುಗಾವಲು ಯಾವ ಕಾಡಿನ ಅವಶೇಷ? ಏಷ್ಯಾದ ಇಂಥ ಅನೇಕ 'ಹಾಳು ಕಾಡುಗಳು' ವಾಸ್ತವವಾಗಿ ಪ್ರಾಚೀನ ಸವನ್ನಾಗಳು ಎಂದು ಬೆಂಗಳೂರಿನ ಜಯಶ್ರೀ ರತ್ನಂ ಮತ್ತು ಸಂಗಡಿಗರು 2016ರಲ್ಲಿ ವಾದಿಸಿದ್ದಾರೆ. ಅಂಥಲ್ಲಿ ಗುಂಡಿ ತೋಡಿ ಸಸಿ ನೆಟ್ಟರೆ ಬಿಸಿಲನ್ನೇ ನಂಬಿದ ಹುಲ್ಲು, ಗಿಡಮೂಲಿಕೆಗಳು ನೆರಳಿಗೆ ಸಿಕ್ಕಿ ಅಳಿಯುತ್ತವೆ. ಒಂದೇ ಗುಡ್ಡಕ್ಕೆ ಒಂದೇ ಉತ್ತರ ಇಲ್ಲ.

ಶಿಕ್ಷಕರು ಊರ ಗೋಮಾಳದಲ್ಲೋ ನದಿದಂಡೆಯಲ್ಲೋ ಒಂದು ಮೀಟರ್ ಚೌಕಕ್ಕೆ ಗೂಟ ನೆಟ್ಟು, ಪ್ರತಿವರ್ಷ ಮಳೆಗಾಲದ ಕೊನೆಗೆ ಅಲ್ಲಿನ ಗಿಡಗಳನ್ನು ಮಕ್ಕಳಿಂದ ಎಣಿಸಿ ದಾಖಲಿಸಬಹುದು. ಗೂಟ ಮಾತ್ರ ಕದಲಬಾರದು.