ಮಠ, ಸಾಲಿ, ನಾರ್ಮಲ್

ಸುರಪುರ ಸೀಮೆಯ ಕೊಡೇಕಲ್ಲಿನಲ್ಲಿ ‘ಮಠ’ ಅಂದರೆ ನೆನಪಾಗುವುದು ಕಾಲಜ್ಞಾನದ ಬಸವಣ್ಣ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಆತನ ಗದ್ದುಗೆ. ಆದರೆ ಉತ್ತರ ಕರ್ನಾಟಕದ ಹಳಬರು ‘ಹುಡುಗನ್ನ ಮಠಕ್ಕ ಹಾಕೀವಿ’ ಎಂದರೆ ಗಾಬರಿಯಾಗಬೇಕಿಲ್ಲ. ಹುಡುಗ ಐಗಳ ಹತ್ತಿರ ಅಕ್ಷರ ತಿದ್ದಲು ಹೋಗಿದ್ದಾನೆ, ಅಷ್ಟೆ.

ಹಳಬರ ಬಳಕೆಯೇ ಮೂಲಕ್ಕೆ ಹತ್ತಿರ. ಅಮರಕೋಶ ಮಠಕ್ಕೆ ಕೊಡುವ ಅರ್ಥದಲ್ಲಿ ದೇವರೂ ಇಲ್ಲ, ಪೀಠವೂ ಇಲ್ಲ. ಛಾತ್ರರು ಮೊದಲಾದವರು ಇರುವ ಮನೆ ಅದು, ಈಗಿನ ಮಾತಲ್ಲಿ ಹಾಸ್ಟೆಲ್ಲು. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವನ್ನೇ ನೋಡಿ: ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೇ ಕುರುಡರಿಗೆ ಕುಂಟರಿಗೆ ಅನ್ನ, ರೋಗಿಗಳಿಗೆ ಮದ್ದು.

ಐಗಳ ಮಠಕ್ಕೆ ಅಷ್ಟು ವೈಭವವೆಲ್ಲಿ ಬರಬೇಕು? ಗುಡಿಯ ಪೌಳಿಯೋ ಯಾರದೋ ಮನೆಯ ಪಡಸಾಲಿಯೋ ಆದರಾಯಿತು. ನೆಲಕ್ಕೆ ಮರಳು ಹರವಿ, ಹುಡುಗನ ತೋರುಬೆರಳು ಹಿಡಿದು ತಿದ್ದಿಸುವುದು. ತಪ್ಪಿದರೆ ಅಂಗೈಯಿಂದ ಸವರಿಬಿಟ್ಟರೆ ಪಾಟಿ ಮತ್ತೆ ಹೊಸದು. ತಿದ್ದಿ ತಿದ್ದಿ ಬೆರಳ ತುದಿ ಉರಿಯುತ್ತಿತ್ತು, ಅದು ಬೇರೆ ಮಾತು.

ಇಂಥ ಐಗಳ ಜಾಗಕ್ಕೆ ಕಲಿತು ಬಂದ ಮಾಸ್ತರರನ್ನು ತರಲೆಂದು ಧಾರವಾಡದಲ್ಲಿ ನಾರ್ಮಲ್ ಸ್ಕೂಲು ತೆರೆಯಿತು. ಮುಂದೆ ಅದೇ ಟ್ರೇನಿಂಗ್ ಕಾಲೇಜು. 1860ರ ದಶಕದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಲ್ಲಿ ಮುಖ್ಯಾಧ್ಯಾಪಕರಾಗಿದ್ದರು. ಮೋಜೆಂದರೆ, 1865ರಲ್ಲಿ ಮಾಸ್ತರರಿಗಾಗಿ ಹೊರಟ ಪತ್ರಿಕೆಯ ಹೆಸರು ‘ಮಠಪತ್ರಿಕೆ’. ಮಠ ಬಿಡಿಸಲು ಹೊರಟವರಿಗೂ ಆ ಹೆಸರು ಬಿಡಲಾಗಲಿಲ್ಲ! ಆಮೇಲೆ ಅದು ‘ಶಾಲಾಪತ್ರಿಕೆ’ಯಾಗಿ, ಕಡೆಗೆ ‘ಜೀವನ ಶಿಕ್ಷಣ’ವಾಯಿತು.

ಶಾಲೆಯೂ, ಅಂದರೆ ಆಡುಮಾತಿನ ಸಾಲಿಯೂ, ಕಟ್ಟಡದ ಹೆಸರೇ: ಗೋಶಾಲೆ, ಪಾಕಶಾಲೆ, ಅದೇ ಪಡಸಾಲೆ. ‘ನಾರ್ಮಲ್’ ಅಂತೂ ನೇರ ಗೌಂಡಿಯ ಕೈಯಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ನಾರ್ಮಾ’ ಅಂದರೆ ಗೋಡೆಯ ಮೂಲೆ ಸರಿಯಾಗಿದೆಯೇ ಎಂದು ಇಟ್ಟು ನೋಡುವ ಮೂಲೆಮಟ್ಟ. 1794ರಲ್ಲಿ ಪ್ಯಾರಿಸ್ಸಿನವರು ಶಿಕ್ಷಕರನ್ನು ತಯಾರಿಸುವ ಶಾಲೆಗೆ ಆ ಹೆಸರಿಟ್ಟರು. ನಮ್ಮಲ್ಲೀಗ ಹೆರಿಗೆಗೂ ಬಿಪಿಗೂ ಉಳಿದಿದೆ.

ಧಾರವಾಡದ ಈ ಗಾಳಿ ಆಗ ಕೊಡೇಕಲ್ಲಿಗೆ ಬೀಸುವಂತಿರಲಿಲ್ಲ. ಧಾರವಾಡ ಮುಂಬಯಿ ಇಲಾಖೆ. ಸುರಪುರ ಸೀಮೆಯೋ, ಅಲ್ಲಿನ ಅರಸ ವೆಂಕಟಪ್ಪ ನಾಯಕನ 1858ರ ಬಂಡಾಯದ ಬಳಿಕ ನಿಜಾಮರ ಪಾಲು. ಅಲ್ಲಿ ಸರಕಾರಿ ಶಾಲೆಯೆಂದರೆ ಉರ್ದುವಿನ ಮದರಸಾ. ಅರಬ್ಬಿಯಲ್ಲಿ ‘ದರ್ಸ್’ ಅಂದರೆ ಪಾಠ. ಇಷ್ಟು ಹೆಸರುಗಳಲ್ಲಿ ಪಾಠದಿಂದಲೇ ಹುಟ್ಟಿದ್ದು ಇದೊಂದೇ, ನೋಡಿ. ಸರಕಾರದ ಕಾಗದದಿಂದ ಅದೂ ಸರಿಯಿತು, ಜನರ ಬಾಯಲ್ಲಿ ಸಾಲಿ ನಿಂತಿತು. ಮಠ ಈಗ ಸಾಲಿಯ ಹಾಜರಿ ಪುಸ್ತಕದಲ್ಲಿ ಮಾಸ್ತರರ ಅಡ್ಡಹೆಸರಾಗಿ ಕೂತಿದೆ: ‘ಹಿರೇಮಠ ಸರ್ ಇವತ್ತ ರಜಾ ಹಾಕ್ಯಾರ್ರೀ.’