ಎಲ್ಲ ಬಸ್ಸೂ ಮೆಜೆಸ್ಟಿಕ್‌ಗೇ ಏಕೆ?

ರಾಜಾಜಿನಗರದ ಕಡೆಯಿಂದ ಬರುವ ಬಸ್ಸು ಓಕಳಿಪುರಂನ ರೈಲ್ವೆ ಕೆಳಸೇತುವೆ ಬಳಿ ಐದು ನಿಮಿಷ ನಿಂತಿತೆಂದರೆ ಅರ್ಧ ಬಸ್ಸು ಖಾಲಿ. ಅದು ನಿಲ್ದಾಣವಲ್ಲ. ಆದರೂ ಜನ ಇಳಿದು, ಚೀಲ ಹೆಗಲಿಗೇರಿಸಿ ಮೆಜೆಸ್ಟಿಕ್ ಕಡೆಗೆ ನಡೆಯುತ್ತಾರೆ. ಬಸ್ಸಿಗಿಂತ ಕಾಲೇ ವಾಸಿ ಎಂಬುದು ಇಲ್ಲಿ ಹಳೆಯ ಅನುಭವ. 2010ರ ದಶಕದಲ್ಲಿ ಆರಂಭವಾದ ಎಂಟು ಪಥದ ರಸ್ತೆ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದಾಗಲಂತೂ ಈ ನಡಿಗೆ ದಿನಚರಿಯೇ ಆಗಿಬಿಟ್ಟಿತ್ತು.

ಇಷ್ಟೊಂದು ಬಸ್ಸುಗಳು ಒಂದೇ ಜಾಗಕ್ಕೆ ಏಕೆ ನುಗ್ಗಬೇಕು? ಉತ್ತರ ಒಂದು ಬತ್ತಿದ ಕೆರೆಯಲ್ಲಿದೆ.

ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹಳೆಯ ಪೇಟೆಗೆ ನೀರು ಕೊಡುತ್ತಿದ್ದ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಕೆರೆಯ ಅಗತ್ಯ ಕಡಿಮೆಯಾಯಿತು. ನೀರು ಹೋಗಿ ಮೈದಾನವಾಯಿತು. ಸಭೆ, ಸರ್ಕಸ್ಸುಗಳಿಗೆ ಒದಗಿತು. ಕೆರೆಯ ನೆನಪಿಗೆ ಉಳಿದಿರುವುದು ಟ್ಯಾಂಕ್ ಬಂಡ್ ರಸ್ತೆಯ ಹೆಸರು. ಎದುರಿಗೇ ಸಿಟಿ ರೈಲು ನಿಲ್ದಾಣ, ಪಕ್ಕದಲ್ಲೇ ಪೇಟೆ, ನಡುವೆ ಇಷ್ಟು ದೊಡ್ಡ ಖಾಲಿ ಜಾಗ. ಬಸ್ ನಿಲ್ದಾಣಕ್ಕೆ ಇದಕ್ಕಿಂತ ಅನುಕೂಲ ಎಲ್ಲಿ ಸಿಕ್ಕೀತು? 'ಮೆಜೆಸ್ಟಿಕ್' ಎಂಬುದು ಅಲ್ಲಿದ್ದ ಚಿತ್ರಮಂದಿರದ ಹೆಸರು. ಚಿತ್ರಮಂದಿರ ಹೋಗಿದೆ, ಬಸ್ಸಿನ ಬೋರ್ಡಿನಲ್ಲಿ ಹೆಸರು ಉಳಿದಿದೆ.

ನಗರ ಬಸ್ಸಿನ ಕಥೆ ಶುರುವಾಗುವುದು 1940ರಲ್ಲಿ, 98 ಬಸ್ಸುಗಳ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯಿಂದ. ಆಗ ಬೆಂಗಳೂರು ಒಂದಲ್ಲ, ಎರಡು ಊರು: ಮೈಸೂರು ಸಂಸ್ಥಾನದ ಸಿಟಿ ಮತ್ತು ಬ್ರಿಟಿಷರ ಆಡಳಿತದ ದಂಡು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. 1956ರಲ್ಲಿ ಸರ್ಕಾರ ಕಂಪನಿಯನ್ನು ವಹಿಸಿಕೊಂಡಿತು, ಬಿಟಿಎಸ್ ಹುಟ್ಟಿತು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾದಾಗ ಬಿಟಿಎಸ್ ಅದರ ಅಂಗವಾಯಿತು. 1997ರ ಆಗಸ್ಟ್ 15ರಂದು ಅದರಿಂದ ಬೇರ್ಪಟ್ಟು ಬಿಎಂಟಿಸಿ ಆಯಿತು. 'ಬಿಟ್ಟರೆ ತಿರುಗಿ ಸಿಗೋಲ್ಲ' ಎಂದು ಬಿಟಿಎಸ್‌ಗೆ ಜನ ಮಾಡಿದ ವಿಸ್ತರಣೆ ಮಾತ್ರ ಸಂಸ್ಥೆಗಿಂತ ಹೆಚ್ಚು ಬಾಳಿತು.

ಹೊಸ ಬಡಾವಣೆ ಎದ್ದಾಗಲೆಲ್ಲ ಮೆಜೆಸ್ಟಿಕ್, ಮಾರ್ಕೆಟ್ ಅಥವಾ ಶಿವಾಜಿನಗರದಿಂದ ಅಲ್ಲಿಗೊಂದು ಬಸ್ಸು ಬಿಟ್ಟರಾಯಿತು. ಹೀಗೆ ಮಾರ್ಗಗಳು ಗಾಡಿಯ ಚಕ್ರದ ಅರಗಳಂತೆ ಹರಡಿದವು. ಅರದಿಂದ ಅರಕ್ಕೆ ದಾಟಬೇಕಾದವರು ಗುಂಬದ ತನಕ ಬರಲೇಬೇಕು. ಹೊರ ವರ್ತುಲ ರಸ್ತೆಯಲ್ಲಿ 500ರ ಸರಣಿಯ ಬಸ್ಸುಗಳು ಓಡತೊಡಗಿದ ಮೇಲೆ ಈ ಕಟ್ಟು ಸ್ವಲ್ಪ ಸಡಿಲಾಯಿತು.

ಈ ಏರ್ಪಾಟಿನ ಬೆಲೆ ತೆತ್ತವರು ಪ್ರಯಾಣಿಕರು. ಬಸ್ಸಿನ ದರ ಸ್ಟೇಜಿನ ಲೆಕ್ಕ; ಬಸ್ಸು ಬದಲಿಸಿದರೆ ಹೊಸ ಟಿಕೆಟ್. ಶ್ರೀರಾಂಪುರದಿಂದ ಚಾಮರಾಜಪೇಟೆಯ ಆಚೆ ಕೆಲಸಕ್ಕೆ ಹೋಗುವವನಿಗೆ ದೂರ ಹೆಚ್ಚಲ್ಲ, ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿದರೆ ಎರಡು ಟಿಕೆಟ್. ಓಕಳಿಪುರಂನಲ್ಲಿ ನಡೆಯುವವರೆಲ್ಲ ಟ್ರಾಫಿಕ್ಕಿಗೆ ಬೇಸತ್ತವರಲ್ಲ. ಒಂದು ಸ್ಟೇಜಿನ ಹಣ ಉಳಿಸುವವರೂ ಇದ್ದಾರೆ. ಮೊದಲ ಬಸ್ಸೇ ಹತ್ತದೆ ಮೆಜೆಸ್ಟಿಕ್‌ವರೆಗೆ ನಡೆದರೆ ಒಂದು ಟಿಕೆಟ್ಟೇ ಉಳಿಯಿತು. ಪಾಸು ಇದಕ್ಕೆ ಪರಿಹಾರವೇನೋ ಹೌದು. ಆದರೆ ಎರಡು ಸಣ್ಣ ಟಿಕೆಟ್‌ಗಿಂತ ದಿನದ ಪಾಸೇ ದುಬಾರಿ. ತಿಂಗಳ ಪಾಸಿಗೆ ಮೊದಲೇ ಹಣ ಹೊಂದಿಸಬೇಕು. ದಿನಗೂಲಿಯವನಿಗೆ ಅದೇ ಕಷ್ಟ.

ಪ್ರಯಾಣಿಕರು ಕಟ್ಟಿಕೊಂಡ ಪದ್ಧತಿಗಳು ಇನ್ನೂ ಸ್ವಾರಸ್ಯ. ರಶ್ಶಿನಲ್ಲಿ ಕಾಸು ಕೈಯಿಂದ ಕೈಗೆ ದಾಟಿ ಕಂಡಕ್ಟರ್ ತಲುಪುತ್ತದೆ. ಟಿಕೆಟ್ಟು, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ಸು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಇಳಿಯುವಾಗ ಕೇಳಿ ಪಡೆಯಬೇಕು, ಮರೆತರೆ ಹೋಯಿತು. ಕೆಲವೊಮ್ಮೆ ಇಬ್ಬರು ಅಪರಿಚಿತರಿಗೆ ಸೇರಿಸಿ ಒಂದೇ ನೋಟು ಕೊಟ್ಟು, 'ಇಳಿದು ಹಂಚಿಕೊಳ್ಳಿ' ಎಂದು ಕಂಡಕ್ಟರ್ ಕೈತೊಳೆದುಕೊಳ್ಳುವುದೂ ಉಂಟು. ಕ್ಯೂಆರ್ ಕೋಡ್ ಬಂದ ಮೇಲೆ ಈ ತಾಪತ್ರಯ ಕಡಿಮೆಯಾಗಿದೆ.

ಎರಡನೇ ಟಿಕೆಟ್ಟಿನ ಲೆಕ್ಕ ದೊಡ್ಡದಾಗಿ ಬದಲಾದದ್ದು 2023ರ ಜೂನ್ 11ರಂದು, ಶಕ್ತಿ ಯೋಜನೆ ಜಾರಿಯಾದಾಗ. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಇದನ್ನು ಬಿಟ್ಟಿ ಪ್ರಯಾಣವೆಂದು ಹಂಗಿಸಿದವರು ಒಂದು ಅಂಶ ಗಮನಿಸಿದಂತಿಲ್ಲ: ಬಸ್ಸು ಬದಲಿಸಿದ್ದಕ್ಕೆ ತೆರಬೇಕಾಗಿದ್ದ ದಂಡವೂ ಹೆಂಗಸರ ಪಾಲಿಗೆ ಅಂದೇ ರದ್ದಾಯಿತು. ಎರಡಲ್ಲ, ಮೂರು ಬಸ್ಸು ಬದಲಿಸಿ ಮನೆಗೆಲಸಕ್ಕೆ ಹೋಗುವಾಕೆಗೂ ಈಗ ಖರ್ಚಾಗುವುದು ಸಮಯ ಮಾತ್ರ.

ಗಂಡಸರಿಗೆ ಹಳೆಯ ಲೆಕ್ಕವೇ. 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿ, ಕನಿಷ್ಠ ದರ 5 ರೂಪಾಯಿಯಿಂದ 6ಕ್ಕೆ ಹೋಯಿತು. ಒಂದೇ ಮನೆಯಿಂದ ಹೊರಟ ಗಂಡ ಹೆಂಡತಿಯಲ್ಲಿ ಆಕೆ ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುತ್ತಾಳೆ, ಆತ ಮತ್ತೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಉಚಿತವಾದರೂ ಆಕೆ ಶೂನ್ಯ ಟಿಕೆಟ್ ಪಡೆಯಲೇಬೇಕು. ಅದರ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು. 'ಆಧಾರ್ ತೋರಿಸಮ್ಮ' ಎಂದು ಕಂಡಕ್ಟರ್ ಬಿಡದೆ ಕೇಳುವುದು ಅದಕ್ಕೇ.