ತುರ್ತು ನಿರ್ವಹಣಾ ಪದವಿಯ ಐಚ್ಛಿಕ ವಿಷಯಗಳು: ಇತಿಹಾಸ

ನೆರೆ, ಚಂಡಮಾರುತ, ಭೂಕಂಪ, ಕಾರ್ಖಾನೆಯ ಸ್ಫೋಟ, ಸಾಂಕ್ರಾಮಿಕ ರೋಗ ಇಂಥ ಸಂಕಟಗಳ ಹೊತ್ತಿನಲ್ಲಿ ಆಡಳಿತ ನಡೆಸಬಲ್ಲವರನ್ನು ತಯಾರು ಮಾಡುವುದು ಸಾರ್ವಜನಿಕ ಸೇವೆ ಮತ್ತು ತುರ್ತು ನಿರ್ವಹಣಾ ಪದವಿಯ ಉದ್ದೇಶ. ಇದು ಪೂರ್ಣ ಪದವಿಯಾಗಿ ಹುಟ್ಟಿ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಅನೇಕ ಪದವಿಗಳಲ್ಲಿ ಮೂಲ ವಿಷಯ ಮೊದಲು ನೆಲೆನಿಂತು, ಐಚ್ಛಿಕ ವಿಷಯಗಳು ಆಮೇಲೆ ಅದರ ಸುತ್ತ ಸೇರಿಕೊಂಡವು. ಇಲ್ಲಿ ಆದದ್ದು ತಿರುವುಮುರುವು. ಭೂಗೋಳ, ಸಮಾಜಶಾಸ್ತ್ರ, ಆಡಳಿತಶಾಸ್ತ್ರಗಳ ವಿಭಾಗಗಳಲ್ಲಿ ಬಿಡಿಬಿಡಿಯಾಗಿ ನಡೆಯುತ್ತಿದ್ದ ಅಧ್ಯಯನಗಳು ಕೂಡಿಯೇ ಕಡ್ಡಾಯ ವಿಷಯಗಳಾದವು. ಆದ್ದರಿಂದ ಈ ಪದವಿಯಲ್ಲಿ ಐಚ್ಛಿಕ ವಿಷಯದ ಆಯ್ಕೆಗೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ.

ವಿದ್ಯಾರ್ಥಿಯೇ ವಿಷಯ ಆರಿಸಿಕೊಳ್ಳುವ ಪದ್ಧತಿ ಇದಕ್ಕಿಂತ ಬಹಳ ಹಳೆಯದು. 1869ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಚಾರ್ಲ್ಸ್ ವಿಲಿಯಂ ಎಲಿಯಟ್ ತಮ್ಮ ನಲವತ್ತು ವರ್ಷಗಳ ಅಧಿಕಾರಾವಧಿಯಲ್ಲಿ ಕಡ್ಡಾಯ ಪಾಠಗಳನ್ನು ಒಂದೊಂದಾಗಿ ತೆಗೆದು, ಬಹುತೇಕ ಎಲ್ಲವನ್ನೂ ವಿದ್ಯಾರ್ಥಿಯ ಇಷ್ಟಕ್ಕೆ ಬಿಟ್ಟರು. 1909ರಲ್ಲಿ ಅವರ ಸ್ಥಾನಕ್ಕೆ ಬಂದ ಅಬಟ್ ಲಾರೆನ್ಸ್ ಲೋವೆಲ್ ಈ ಸ್ವಾತಂತ್ರ್ಯಕ್ಕೆ ಮಿತಿ ಹಾಕಿ, ಒಂದು ವಿಷಯದಲ್ಲಿ ಆಳವೂ ಉಳಿದವುಗಳಲ್ಲಿ ಹರಹೂ ಇರಲೇಬೇಕೆಂದು ನಿಯಮ ಮಾಡಿದರು. ಇಂದಿನ ಅಮೆರಿಕನ್ ಪದವಿಗಳ ಚೌಕಟ್ಟು ಈ ಎರಡು ನಿಲುವುಗಳ ನಡುವಿನ ರಾಜಿಯಿಂದ ಬಂದದ್ದು.

ವಿಪತ್ತಿನ ಅಧ್ಯಯನಕ್ಕೆ ಚಾಲನೆ ಸಿಕ್ಕಿದ್ದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನ ದುರಂತದಿಂದ. 1917ರ ಡಿಸೆಂಬರ್ 6ರಂದು ಮದ್ದುಗುಂಡು ತುಂಬಿದ್ದ ಮಾಂಟ್-ಬ್ಲಾಂಕ್ ಹಡಗು ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಸ್ಫೋಟಿಸಿತು. ಸುಮಾರು ಎರಡು ಸಾವಿರ ಜನ ಸತ್ತರು. ಆ ಊರಿನಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್, ದುರಂತದ ನಂತರ ಊರು ಹೇಗೆ ಬದಲಾಯಿತೆಂಬುದನ್ನು ಅಭ್ಯಸಿಸಿ 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪ್ರಬಂಧವಾಗಿ ಪ್ರಕಟಿಸಿದರು. ವಿಪತ್ತನ್ನು ಸಮಾಜಶಾಸ್ತ್ರದ ಕಣ್ಣಿನಿಂದ ನೋಡಿದ ಮೊದಲ ವ್ಯವಸ್ಥಿತ ಕೃತಿಯೆಂದು ಅದನ್ನು ಇಂದಿಗೂ ಎಣಿಸುತ್ತಾರೆ. ಮುಂದೆ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ನದಿಗೆ ಒಡ್ಡು ಕಟ್ಟಿದರಷ್ಟೇ ಸಾಲದು, ನೆರೆ ಹರಿಯುವ ಬಯಲಿನಲ್ಲಿ ಮನೆ ಕಟ್ಟುವುದನ್ನೂ ನಿಯಂತ್ರಿಸಬೇಕು ಎಂದು ವಾದಿಸಿದರು. ಎಂಜಿನಿಯರುಗಳ ಕೈಯಲ್ಲಿದ್ದ ನೆರೆಯ ಪ್ರಶ್ನೆ ಹೀಗೆ ಭೂಬಳಕೆ ಮತ್ತು ಕಾನೂನಿನ ಪ್ರಶ್ನೆಯೂ ಆಯಿತು.

1963ರಲ್ಲಿ ಎನ್ರಿಕೊ ಕ್ವಾರಂಟೆಲ್ಲಿ, ರಸೆಲ್ ಡೈನ್ಸ್ ಮತ್ತು ಯೂಜೀನ್ ಹಾಸ್ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಪತ್ತು ಸಂಶೋಧನಾ ಕೇಂದ್ರ ಸ್ಥಾಪಿಸಿದರು. 1985ರಲ್ಲಿ ಅದು ಡೆಲವೇರ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಕೇಂದ್ರ ಹುಟ್ಟಿದ್ದು ಶೀತಲ ಸಮರದ ಕಾಲದಲ್ಲಿ. ಅಣುಬಾಂಬು ಬಿದ್ದರೆ ಜನ ದಿಕ್ಕಾಪಾಲಾಗಿ ಓಡುತ್ತಾರೆಯೇ ಎಂಬುದು ನಾಗರಿಕ ರಕ್ಷಣಾ ಅಧಿಕಾರಿಗಳ ಆತಂಕವಾಗಿತ್ತು. ಸ್ಥಳಕ್ಕೇ ಹೋಗಿ ಜನರನ್ನು ಮಾತಾಡಿಸಿದ ಸಂಶೋಧಕರಿಗೆ ಸಿಕ್ಕ ಉತ್ತರ ಬೇರೆ: ಕಂಗೆಟ್ಟು ಓಡುವುದು ಅಪರೂಪ, ಮೊದಲು ನೆರವಿಗೆ ಧಾವಿಸುವವರು ಅಕ್ಕಪಕ್ಕದ ಮನೆಯವರೇ. ಈ ಕ್ಷೇತ್ರದ ಅತ್ಯಂತ ಬೆಲೆಬಾಳುವ ತಿಳಿವಳಿಕೆ ಇದು. ವಿಪತ್ತಿನ ಸಮಾಜಶಾಸ್ತ್ರವನ್ನು ಬಿಟ್ಟು ಬರೀ ಆಜ್ಞೆ, ಕಾರ್ಯಾಚರಣೆಗಳನ್ನು ಕಲಿತ ಅಧಿಕಾರಿ ಸಂತ್ರಸ್ತರನ್ನೇ ಅಪಾಯವೆಂದು ನೋಡಲು ತೊಡಗುತ್ತಾನೆ. 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಲೂಟಿಯ ಉತ್ಪ್ರೇಕ್ಷಿತ ಸುದ್ದಿಗಳು ಹರಡಿ, ರಕ್ಷಣೆಯಲ್ಲಿ ತೊಡಗಿದ್ದ ಪೊಲೀಸರನ್ನು ಬಂದೋಬಸ್ತಿಗೆ ತಿರುಗಿಸಲಾಯಿತು. ಅರ್ಧ ಶತಮಾನದ ಸಂಶೋಧನೆ ಎದುರಿಗಿದ್ದೂ ಹೀಗಾಯಿತು.

ಪದವಿಯ ಚೌಕಟ್ಟು ಮೂಡಿದ್ದು 1970ರ ದಶಕದ ಕೊನೆಯಲ್ಲಿ. ಅಮೆರಿಕದ ರಾಜ್ಯಪಾಲರ ಸಂಘ ನಡೆಸಿದ ಅಧ್ಯಯನವು ತಗ್ಗಿಸುವಿಕೆ, ಪೂರ್ವಸಿದ್ಧತೆ, ಪ್ರತಿಸ್ಪಂದನೆ, ಪುನಶ್ಚೇತನ ಎಂಬ ನಾಲ್ಕು ಹಂತಗಳನ್ನು ಮುಂದಿಟ್ಟಿತು. ಹಲವು ಇಲಾಖೆಗಳಲ್ಲಿ ಹಂಚಿಹೋಗಿದ್ದ ಕೆಲಸವನ್ನು ಒಟ್ಟುಗೂಡಿಸಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1979ರಲ್ಲಿ ಫೆಡರಲ್ ತುರ್ತು ನಿರ್ವಹಣಾ ಸಂಸ್ಥೆಯನ್ನು, ಅಂದರೆ ಫೆಮಾವನ್ನು, ಸ್ಥಾಪಿಸಿದರು. 1983ರಲ್ಲಿ ಟೆಕ್ಸಾಸ್‌ನ ಡೆಂಟನ್‌ನಲ್ಲಿರುವ, ಈಗ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯವೆನಿಸಿದ ಸಂಸ್ಥೆ, ತುರ್ತು ಆಡಳಿತ ಮತ್ತು ಯೋಜನೆ ಎಂಬ ಹೆಸರಿನಲ್ಲಿ ಈ ಕ್ಷೇತ್ರದ ಮೊದಲ ಸ್ನಾತಕ ಪದವಿ ಆರಂಭಿಸಿತು.

1992ರ ಆಂಡ್ರೂ ಚಂಡಮಾರುತದಲ್ಲಿ ಫ್ಲಾರಿಡಾಕ್ಕೆ ನೆರವು ತಡವಾಗಿ ತಲುಪಿ ಫೆಮಾ ಕಟು ಟೀಕೆಗೆ ಒಳಗಾಯಿತು. ಆಮೇಲಿನ ಸುಧಾರಣೆಗಳ ಕಾಲದಲ್ಲೇ, 1994ರಲ್ಲಿ, ಮೇರಿಲ್ಯಾಂಡ್‌ನ ಎಮಿಟ್ಸ್‌ಬರ್ಗ್‌ನಲ್ಲಿರುವ ಫೆಮಾದ ತರಬೇತಿ ಸಂಸ್ಥೆಯಿಂದ ಉನ್ನತ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. ಅದನ್ನು ವರ್ಷಗಟ್ಟಲೆ ನಡೆಸಿದ ವೇಯ್ನ್ ಬ್ಲಾಂಚರ್ಡ್, ಪ್ರಾಧ್ಯಾಪಕರಿಂದ ಪೂರ್ಣ ಪಠ್ಯಸಾಮಗ್ರಿ ಬರೆಸಿ ಕಾಲೇಜುಗಳಿಗೆ ಉಚಿತವಾಗಿ ಒದಗಿಸಿದರು. ಥಾಮಸ್ ಡ್ರಾಬೆಕ್ ಬರೆದ ವಿಪತ್ತಿನ ಸಾಮಾಜಿಕ ಆಯಾಮಗಳು, ರಿಚರ್ಡ್ ಸಿಲ್ವ್ಸ್ ಬರೆದ ರಾಜಕೀಯ ಮತ್ತು ನೀತಿಯ ಪಠ್ಯಗಳು ಇವುಗಳಲ್ಲಿ ಸೇರಿದ್ದವು. ಹೊಸ ವಿಭಾಗ ತೆರೆಯುವಷ್ಟು ಹಣವಿಲ್ಲದ ಸಣ್ಣ ಕಾಲೇಜು ಕೂಡ ಒಂದೆರಡು ಐಚ್ಛಿಕ ವಿಷಯಗಳಿಂದ ಆರಂಭಿಸಿ ಪದವಿಯತ್ತ ಸಾಗಲು ಇದರಿಂದ ದಾರಿಯಾಯಿತು.

ಅಲ್ಲಿಂದ ಮುಂದೆ ಪ್ರತಿಯೊಂದು ದೊಡ್ಡ ದುರಂತವೂ ಐಚ್ಛಿಕ ಪಟ್ಟಿಯನ್ನು ತಿದ್ದಿದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಭಯೋತ್ಪಾದನೆ ಮತ್ತು ಗಡಿ ಭದ್ರತೆಯ ಕೋರ್ಸುಗಳು ತುಂಬಿಕೊಂಡವು; ಎಷ್ಟೋ ಕಡೆ ಪದವಿಯ ಹೆಸರಿಗೇ ಆಂತರಿಕ ಭದ್ರತೆ ಸೇರಿತು. ಕತ್ರಿನಾ ಆದಮೇಲೆ ಬಡವರು, ವೃದ್ಧರು, ವಾಹನವಿಲ್ಲದವರ ದುರ್ಬಲತೆಯ ಪ್ರಶ್ನೆ ಮುಂದೆ ಬಂತು. ಸೌತ್ ಕರೊಲಿನಾ ವಿಶ್ವವಿದ್ಯಾಲಯದ ಸೂಸನ್ ಕಟರ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ್ದ ಸಾಮಾಜಿಕ ದುರ್ಬಲತೆಯ ಸೂಚ್ಯಂಕ ಆಗ ಹೆಚ್ಚು ಬಳಕೆಗೆ ಬಂದು, ಅದರೊಂದಿಗೆ ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ನಕ್ಷೆ ತಯಾರಿಕೆಯ ಕೋರ್ಸಿಗೂ ಬೇಡಿಕೆ ಏರಿತು. 2020ರ ಕೋವಿಡ್ ಸಾರ್ವಜನಿಕ ಆರೋಗ್ಯವನ್ನು ಮುನ್ನೆಲೆಗೆ ತಂದಿತು. ಹಿಂದಿನ ದುರಂತವನ್ನು ನೋಡಿ ಮುಂದಿನದಕ್ಕೆ ಓದುವ ಈ ಪ್ರವೃತ್ತಿ ಪದವಿಯ ದೊಡ್ಡ ದೌರ್ಬಲ್ಯ.

ಈ ಹಂತದಲ್ಲೇ ತರಬೇತಿಗೂ ಶಿಕ್ಷಣಕ್ಕೂ ಜಗ್ಗಾಟ ಬೆಳೆಯಿತು. ಕ್ಯಾಲಿಫೋರ್ನಿಯಾದ 1970ರ ಕಾಡ್ಗಿಚ್ಚುಗಳ ನಂತರ ರೂಪುಗೊಂಡ, ತುರ್ತಿನಲ್ಲಿ ಯಾರು ಯಾರ ಆಜ್ಞೆಯಡಿ ಕೆಲಸ ಮಾಡಬೇಕೆಂದು ನಿಗದಿಪಡಿಸುವ ಘಟನಾ ನಿಯಂತ್ರಣ ಪದ್ಧತಿಯನ್ನು 2004ರಿಂದ ರಾಷ್ಟ್ರವ್ಯಾಪಿಯಾಗಿ ಅಳವಡಿಸಲಾಯಿತು. ಇದನ್ನು ಫೆಮಾ ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಕಲಿಸುತ್ತದೆ. ಅದನ್ನೇ ಶುಲ್ಕ ಕಟ್ಟಿ ಐಚ್ಛಿಕ ವಿಷಯವಾಗಿ ಓದಿ ಕ್ರೆಡಿಟ್ ಕಳೆಯುವುದಕ್ಕಿಂತ, ಬೇರೆಡೆ ಸಿಗದ ಜಲವಿಜ್ಞಾನ, ಆಡಳಿತ ಕಾನೂನು ಅಥವಾ ಸಾರ್ವಜನಿಕ ಹಣಕಾಸನ್ನು ಆರಿಸಿಕೊಳ್ಳುವುದು ಮೇಲು. ಹಣಕಾಸಿನ ಮಾತು ಸುಮ್ಮನೆ ಬಂದದ್ದಲ್ಲ. ಅಮೆರಿಕದ 1988ರ ಸ್ಟಾಫರ್ಡ್ ಕಾಯ್ದೆಯಡಿ, ವಿಪತ್ತಿನಲ್ಲಿ ಹಾಳಾದ ರಸ್ತೆ, ಸಾರ್ವಜನಿಕ ಕಟ್ಟಡಗಳ ದುರಸ್ತಿಗೆ ಅರ್ಹ ವೆಚ್ಚದ ಕನಿಷ್ಠ ಶೇ. 75ನ್ನು ಕೇಂದ್ರ ಸರ್ಕಾರ ಕೊಡುತ್ತದೆ. ಉಳಿದದ್ದನ್ನು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ಹೊಂದಿಸಬೇಕು. ಲೆಕ್ಕಪತ್ರ ಸರಿಯಿಲ್ಲದಿದ್ದರೆ ಕೊಟ್ಟ ಹಣವನ್ನೂ ವಾಪಸು ಕೇಳಬಹುದು.

ಭಾರತದಲ್ಲಿ ಈ ವಿಷಯ ಆಡಳಿತಶಾಸ್ತ್ರದ ಮನೆಯೊಳಗೇ ಹುಟ್ಟಿತು. 1995ರಲ್ಲಿ ದೆಹಲಿಯ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆಯಲ್ಲಿ ಆರಂಭವಾದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಕೇಂದ್ರವೇ ಮುಂದೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಸಂಸ್ಥೆಯಾಯಿತು. 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿಗಳು 2005ರ ವಿಪತ್ತು ನಿರ್ವಹಣಾ ಕಾಯ್ದೆಗೆ ಕಾರಣವಾದವು. ಕರ್ನಾಟಕದ ಮಾಜಿ ಮುಖ್ಯಮಂತ್ರಿ, ಕನ್ನಡ ಲೇಖಕ ಎಂ. ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ಬಿಕ್ಕಟ್ಟು ನಿರ್ವಹಣೆಯ ಬಗ್ಗೆ ಕೊಟ್ಟ ವರದಿಯಲ್ಲಿ ಮ್ಯಾನೇಜ್‌ಮೆಂಟ್ ಮತ್ತು ಸಾರ್ವಜನಿಕ ಆಡಳಿತ ಕೋರ್ಸುಗಳಲ್ಲಿ ವಿಪತ್ತು ನಿರ್ವಹಣೆಯನ್ನು ಕಲಿಸಬೇಕೆಂದು ಶಿಫಾರಸು ಮಾಡಿತು. 2013ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಗೆ ಈ ವಿಷಯ ಸೇರಿದ ಮೇಲೆ ಐಎಎಸ್ ಕನಸು ಕಟ್ಟಿಕೊಂಡವರೂ ಇದರತ್ತ ತಿರುಗಿದರು.

ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಓಪನ್ ಎಲೆಕ್ಟಿವ್ ಪದ್ಧತಿ ಬಂದು, ಕಲಾ ವಿಭಾಗದವರು ವಿಜ್ಞಾನದ, ವಿಜ್ಞಾನದವರು ಕಲೆಯ ಕೋರ್ಸು ಆರಿಸಿಕೊಳ್ಳುವ ಅವಕಾಶ ತೆರೆಯಿತು. 2024ರಲ್ಲಿ ರಾಜ್ಯ ಆ ನೀತಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮವನ್ನು ಮತ್ತೆ ಬದಲಿಸಿತು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು, 2019ರಲ್ಲಿ ಕೃಷ್ಣಾ, ಮಲಪ್ರಭಾ ನದಿಗಳು ಊರುಗಳನ್ನು ಮುಳುಗಿಸಿದ್ದನ್ನು ಕಂಡ ರಾಜ್ಯಕ್ಕೆ ಭೂವಿಜ್ಞಾನ, ಕಂದಾಯ ಕಾನೂನು, ಸಾರ್ವಜನಿಕ ಹಣಕಾಸುಗಳನ್ನು ಕೂಡಿಸಿ ಓದಿದವರು ಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಬೆಳೆಹಾನಿ, ಮನೆಹಾನಿಯ ಸಮೀಕ್ಷೆ ತಹಶೀಲ್ದಾರರಿಂದ ಗ್ರಾಮ ಆಡಳಿತಾಧಿಕಾರಿಯವರೆಗೆ ಕಂದಾಯ ಇಲಾಖೆಯ ಹೆಗಲ ಮೇಲಿದೆ. 15ನೇ ಹಣಕಾಸು ಆಯೋಗ ವಿಪತ್ತು ನಿಧಿಯ ಶೇ. 20ನ್ನು ಮುಂಜಾಗ್ರತೆಯ ತಗ್ಗಿಸುವಿಕೆಗೂ ಶೇ. 30ನ್ನು ಪುನಶ್ಚೇತನ ಮತ್ತು ಪುನರ್ನಿರ್ಮಾಣಕ್ಕೂ ಮೀಸಲಿಟ್ಟಿತು. ನಿಧಿಯ ಅರ್ಧದಷ್ಟು ಪರಿಹಾರ ಕಾರ್ಯಾಚರಣೆಯ ಆಚೆಗಿನ ಈ ಕೆಲಸಗಳಿಗಿರುವಾಗ, ಐಚ್ಛಿಕ ಪಟ್ಟಿಯಲ್ಲೂ ಅವುಗಳಿಗೆ ಅಷ್ಟೇ ಜಾಗ ಸಿಗಬೇಕು.